ಸಲಿಂಗಪ್ರೇಮವೂ ಕಾಯಿದೆಯೂ: ಗ್ರೀಸಿನಿಂದ ಇಂದಿನವರೆಗೆ

(ಕಳೆದ ಭಾನುವಾರ ಕಾರ್ಮಿಕ ಭವನದ ಅಭ್ಯಾಸವರ್ಗದಲ್ಲಿ ಮಾಡಿದ ಭಾಷಣ. ರಾತ್ರಿಪಾಳಿಯಿಂದಾಗಿ ಬರಲಾಗದ ಸಂಗಾತಿಗಳ ಕೋರಿಕೆಯಂತೆ ಇಲ್ಲಿ ಅಚ್ಚು ಮಾಡಲಾಗಿದೆ.)



ಈ ವಿಷಯದ ಹೆಸರನ್ನು ನೋಟೀಸು ಹಲಗೆಯ ಮೇಲೆ ಬರೆದ ದಿನದಿಂದ ನನಗೆ ಬಂದ ಮಾತುಗಳು ಒಂದೆರಡಲ್ಲ. ಒಬ್ಬ ಹಿರಿಯ ಸಂಗಾತಿ ಹಲಗೆಯನ್ನು ಒರೆಸಿಯೇ ಬಿಟ್ಟಿದ್ದರು. ಇನ್ನೊಮ್ಮೆ ಬರೆಸಬೇಕಾಯಿತು. ಕಿರಾಣಿ ಅಂಗಡಿಯ ಮಿತ್ರರೊಬ್ಬರು ದಾರಿಯಲ್ಲಿ ನಿಲ್ಲಿಸಿ ಹೀಗೆ ಕೇಳಿದರು: "ಸ್ವಾಮಿ, ಬೋನಸ್ಸಿನ ಮಾತಾಡಿ, ತೆರಿಗೆಯ ಮಾತಾಡಿ. ಇದು ವಿಲಾಯಿತಿಯಿಂದ ಬಂದ ಶ್ರೀಮಂತರ ಚಟ. ದುಡಿದು ತಿನ್ನುವವರ ಸಭೆಯಲ್ಲಿ ಇದಕ್ಕೇನು ಕೆಲಸ?"

ಪ್ರಶ್ನೆ ನೇರವಾಗಿದೆ, ಆದ್ದರಿಂದ ನೇರವಾಗಿಯೇ ಉತ್ತರ ಕೊಡಬೇಕು. ಇದು ಶ್ರೀಮಂತರ ಚಟವಾಗಿದ್ದರೆ ಇದಕ್ಕಾಗಿ ನೇಣಿಗೇರಿದವರಲ್ಲಿ ಕೂಲಿಗಳು ಯಾಕೆ ಇದ್ದರು? ವಿಲಾಯಿತಿಯಿಂದ ಬಂದದ್ದು ಇದೋ, ಇದನ್ನು ಅಪರಾಧವೆನ್ನುವ ಕಾಯಿದೆಯೋ? ಇವೆರಡನ್ನೂ ಇತಿಹಾಸದ ಆಧಾರದಿಂದ ನೋಡೋಣ. ನಾನು ಪಂಡಿತನಲ್ಲ, ಓದಿದ್ದನ್ನು ಹೇಳುತ್ತೇನೆ. ನಗುವವರು ಈಗಲೇ ನಕ್ಕು ಮುಗಿಸಿದರೆ ಉಪಕಾರವಾಗುತ್ತದೆ.

ಮೊದಲಿಗೆ ಹೆಸರಿನ ವಿಚಾರ. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಬಯಸುವುದು ಮನುಷ್ಯರಷ್ಟೇ ಹಳೆಯದು. ಆದರೆ ಅಂಥವರನ್ನೊಂದು ಬೇರೆ ಜಾತಿಯೆಂಬಂತೆ ವಿಂಗಡಿಸಿ ಹೆಸರಿಟ್ಟದ್ದು ತೀರ ಈಚೆಗೆ. ನಾವು ಸಲಿಂಗಕಾಮ ಎಂದು ಕನ್ನಡಿಸಿಕೊಂಡ 'ಹೋಮೋಸೆಕ್ಷುಯಲ್' ಎಂಬ ಶಬ್ದ ಮೊದಲು ಅಚ್ಚಾದದ್ದು 1869ರಲ್ಲಿ. ಕೆರ್ಟ್‌ಬೆನಿ ಎಂಬ ಲೇಖಕ ಪ್ರಷ್ಯದ ಕಾಯಿದೆಯನ್ನು ವಿರೋಧಿಸಿ ಜರ್ಮನ್ ಭಾಷೆಯಲ್ಲಿ ಬರೆದ ಕರಪತ್ರದಲ್ಲಿ ಅದು ಹುಟ್ಟಿತು. ಪುರಾತನ ಗ್ರೀಕರಲ್ಲಿ ಇದಕ್ಕೆ ಸಮನಾದ ಶಬ್ದವೇ ಇರಲಿಲ್ಲ.

ಶಬ್ದವಿಲ್ಲದಿದ್ದರೂ ಸಂಗತಿ ಅವರಲ್ಲಿ ಗುಟ್ಟಾಗಿರಲಿಲ್ಲ. ಅಥೆನ್ಸ್ ನಗರದ ಪೇಟೆಚೌಕದಲ್ಲಿ ಇಬ್ಬರು ಗಂಡಸರ ಕಂಚಿನ ಪ್ರತಿಮೆಗಳಿದ್ದವು. ಹಾರ್ಮೋಡಿಯಸ್ ಮತ್ತು ಅರಿಸ್ಟೋಗೈಟನ್ ಎಂದು ಅವರ ಹೆಸರು. ಇಬ್ಬರೂ ಪ್ರಣಯಿಗಳು. ಕ್ರಿ. ಪೂ. 514ರಲ್ಲಿ ಅವರು ನಿರಂಕುಶ ಪ್ರಭು ಹಿಪ್ಪಿಯಸ್ಸನ ತಮ್ಮನಾದ ಹಿಪಾರ್ಕಸ್ಸನನ್ನು ಇರಿದು ಕೊಂದರು. ತಾವೂ ಸತ್ತರು. ಮುಂದೆ ಪ್ರಜಾಪ್ರಭುತ್ವ ಬಂದಾಗ ಅಥೆನ್ಸಿನ ಜನ ಇವರನ್ನು ಸ್ವಾತಂತ್ರ್ಯವೀರರೆಂದು ಪೂಜಿಸಿದರು. ಅವರ ವಂಶಸ್ಥರಿಗೆ ನಗರದ ಖರ್ಚಿನಲ್ಲಿ ಊಟ ಕೊಡುವ ಪದ್ಧತಿಯನ್ನೂ ಇಟ್ಟರು. ಥುಸಿಡಿಡೀಸ್ ಎಂಬ ಇತಿಹಾಸಕಾರ ಮಾತ್ರ ಇದನ್ನು ಅಷ್ಟಾಗಿ ಒಪ್ಪುವುದಿಲ್ಲ. ಹಿಪಾರ್ಕಸ್ ಹಾರ್ಮೋಡಿಯಸ್ಸನ ಹಿಂದೆ ಬಿದ್ದಿದ್ದ, ಅವನು ಒಪ್ಪದಿದ್ದಾಗ ಅವನ ತಂಗಿಯನ್ನು ಸಭೆಯಲ್ಲಿ ಅವಮಾನಿಸಿದ, ಜಗಳದ ಮೂಲ ಇದೇ, ರಾಜಕೀಯ ಆಮೇಲಿನದು ಎಂದು ಅವನು ಬರೆದಿದ್ದಾನೆ. ಇರಬಹುದು. ಅಧಿಕಾರಸ್ಥ ತನ್ನ ಕೈಕೆಳಗಿನವರ ಮೈಮೇಲೆ ಕಣ್ಣು ಹಾಕುವುದು ರಾಜಕೀಯವಲ್ಲವೇ ಎಂದು ನಾನಾದರೆ ಅವನನ್ನು ಕೇಳುತ್ತಿದ್ದೆ. ನಮ್ಮ ನೂಲಿನ ಖಾತೆಯ ಹೆಣ್ಣುಮಕ್ಕಳಿಗೆ ಉತ್ತರ ಗೊತ್ತಿದೆ.

ಥೀಬ್ಸ್ ಎಂಬ ಇನ್ನೊಂದು ನಗರದ ಕಥೆಯನ್ನು ಪ್ಲೂಟಾರ್ಕ್ ಬರೆದಿಟ್ಟಿದ್ದಾನೆ. ಅಲ್ಲಿ ಮುನ್ನೂರು ಜನರ ಒಂದು ಪಡೆಯಿತ್ತು. ನೂರೈವತ್ತು ಜೋಡಿಗಳು, ಒಬ್ಬರನ್ನೊಬ್ಬರು ಪ್ರೀತಿಸುವ ಗಂಡಸರು. ಪ್ರಿಯನ ಕಣ್ಣೆದುರಿಗೆ ಯಾರೂ ಬೆನ್ನು ತೋರಿಸಿ ಓಡಲಾರರು ಎಂಬುದು ಪಡೆ ಕಟ್ಟಿದವರ ಲೆಕ್ಕಾಚಾರ. ಕ್ರಿ. ಪೂ. 371ರಲ್ಲಿ ಲ್ಯೂಕ್ಟ್ರಾ ಎಂಬಲ್ಲಿ ಸ್ಪಾರ್ಟದ ಸೈನ್ಯವನ್ನು ಮುರಿದ ಕಾಳಗದಲ್ಲಿ ಈ ಪಡೆ ಮುಂದಿತ್ತು. ಸ್ಪಾರ್ಟವನ್ನು ಎದುರಿಸುವುದೆಂದರೆ ಆ ಕಾಲದಲ್ಲಿ ಹುಡುಗಾಟವಲ್ಲ. ಕ್ರಿ. ಪೂ. 338ರಲ್ಲಿ ಕೈರೋನಿಯದ ರಣರಂಗದಲ್ಲಿ ಮ್ಯಾಸಿಡೋನಿಯದ ಫಿಲಿಪ್ಪನೂ ಅವನ ಮಗ ಅಲೆಕ್ಸಾಂಡರನೂ ಈ ಪಡೆಯನ್ನು ನಾಶಮಾಡಿದರು. ಒಂದೇ ಕಡೆ ಬಿದ್ದಿದ್ದ ಹೆಣಗಳನ್ನು ಕಂಡು, ಗೆದ್ದ ಫಿಲಿಪ್ಪನೇ ಕಣ್ಣೀರಿಟ್ಟನಂತೆ. ಇವರ ಬಗ್ಗೆ ಕೆಟ್ಟದ್ದು ಆಡುವವನು ಹಾಳಾಗಲಿ ಎಂದನೆಂದೂ ಪ್ಲೂಟಾರ್ಕ್ ಹೇಳುತ್ತಾನೆ. ಆ ಮೈದಾನದಲ್ಲಿ ಒಂದು ಕಲ್ಲಿನ ಸಿಂಹವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದರ ಬುಡ ಅಗೆದಾಗ 254 ಅಸ್ಥಿಪಂಜರಗಳು ಸಾಲು ಸಾಲಾಗಿ ಸಿಕ್ಕವು. ಅವು ಈ ಪಡೆಯವರದ್ದೇ ಎಂದು ಬಹಳ ವಿದ್ವಾಂಸರ ಅಭಿಪ್ರಾಯ.

ಆದರೆ ಗ್ರೀಸ್ ದೇಶವನ್ನು ಸ್ವರ್ಗವೆಂದು ನಿಮ್ಮ ಮುಂದೆ ಮಾರಲು ನಾನು ನಿಂತಿಲ್ಲ. ಅದು ಗುಲಾಮರ ಬೆನ್ನಿನ ಮೇಲೆ ನಿಂತ ಸಮಾಜ. ಅಥೆನ್ಸಿನಲ್ಲಿ ಪ್ರಶ್ನೆ ಗಂಡೋ ಹೆಣ್ಣೋ ಎಂಬುದಲ್ಲ, ಯಜಮಾನ ಯಾರು, ಆಳು ಯಾರು ಎಂಬುದು. ಪ್ರಜೆಯಾದವನು ತನ್ನ ಗುಲಾಮನನ್ನು ಹೇಗೆ ಬಳಸಿಕೊಂಡರೂ ಕೇಳುವವರಿಲ್ಲ. ಗುಲಾಮ ಮಾತ್ರ ಸ್ವತಂತ್ರ ಮನೆತನದ ಹುಡುಗನ ಕಡೆ ನೋಡಿದರೆ ಚಾವಟಿಯೇಟು. ಅವರು ಹೊಗಳಿ ಹಾಡಿದ ಪ್ರೇಮದಲ್ಲಿ ಬಹುಪಾಲು ಬೆಳೆದ ಗಂಡಸಿಗೂ ಎಳೆಯ ಹುಡುಗನಿಗೂ ನಡುವಿನದು. ಅದನ್ನು ಇಂದು ನಾವು ಒಪ್ಪುವಂತಿಲ್ಲ, ಒಪ್ಪಬಾರದು. ಹೆಂಗಸರನ್ನಂತೂ ಒಳಮನೆಯಲ್ಲಿ ಕೂಡಿಹಾಕಿದ್ದರು. ಹೆಣ್ಣಿನ ಮೇಲಿನ ಹೆಣ್ಣಿನ ಪ್ರೀತಿಯ ಬಗ್ಗೆ ಆ ಕಾಲದಿಂದ ನಮಗೆ ಉಳಿದು ಬಂದಿರುವ ದೊಡ್ಡ ದನಿ ಲೆಸ್ಬೋಸ್ ದ್ವೀಪದ ಸ್ಯಾಫೋ ಎಂಬ ಕವಯಿತ್ರಿಯದು. ಅವಳ ಪದ್ಯಗಳಲ್ಲಿ ಬಹಳಷ್ಟು ಹರಿದ ಚೂರುಗಳಾಗಿಯೇ ಸಿಕ್ಕಿವೆ.

ಅಷ್ಟು ಉದಾರವೆನಿಸಿದ ಅಥೆನ್ಸಿನಲ್ಲೂ ಈ ವಿಷಯವನ್ನು ರಾಜಕೀಯದ ದೊಣ್ಣೆಯಾಗಿ ಎತ್ತಿದವರಿದ್ದರು. ಕ್ರಿ. ಪೂ. 346ರ ಸುಮಾರಿಗೆ ಈಸ್ಕಿನೀಸ್ ಎಂಬ ವಾಗ್ಮಿಯ ಮೇಲೆ, ಫಿಲಿಪ್ಪನ ಬಳಿಗೆ ಹೋದ ರಾಯಭಾರದಲ್ಲಿ ದ್ರೋಹವೆಸಗಿದನೆಂದು ಟಿಮಾರ್ಕಸ್ ಎಂಬವನು ಮೊಕದ್ದಮೆ ಹೂಡಲು ಹೊರಟ. ಈಸ್ಕಿನೀಸ್ ರಾಯಭಾರದ ಮಾತೇ ಎತ್ತಲಿಲ್ಲ. ಈ ಟಿಮಾರ್ಕಸ್ ಎಳವೆಯಲ್ಲಿ ಹಣಕ್ಕೆ ಮೈ ಮಾರಿಕೊಂಡಿದ್ದ, ಅಂಥವನಿಗೆ ಸಭೆಯಲ್ಲಿ ಮಾತಾಡುವ ಹಕ್ಕೇ ಇಲ್ಲ ಎಂದು ತಿರುಗಿ ಹೂಡಿದ. ಸ್ವಾರಸ್ಯವೇನೆಂದರೆ, ತಾನೂ ಹುಡುಗರನ್ನು ಪ್ರೀತಿಸಿದವನೇ, ಪದ್ಯ ಬರೆದವನೇ ಎಂದು ಅದೇ ಭಾಷಣದಲ್ಲಿ ಅವನು ಒಪ್ಪಿಕೊಳ್ಳುತ್ತಾನೆ! ಟಿಮಾರ್ಕಸ್ ಸೋತ, ಅವನ ನಾಗರಿಕ ಹಕ್ಕು ಹೋಯಿತು. ಆರೋಪಕ್ಕೆ ಉತ್ತರವಿಲ್ಲದವನು ಎದುರಾಳಿಯ ಹಾಸಿಗೆಯ ಮಾತು ತೆಗೆಯುತ್ತಾನೆ. ಈ ತಂತ್ರವನ್ನು ನೆನಪಿಡಿ, ಮುಂದೆ ನಮ್ಮವರೇ ಇದನ್ನು ಬಳಸುವುದನ್ನು ನೋಡಲಿದ್ದೀರಿ.

ರೋಮಿನಲ್ಲಿಯೂ ಆಳು-ಯಜಮಾನರ ಲೆಕ್ಕವೇ ನಡೆಯಿತು, ಅದನ್ನು ವಿಸ್ತರಿಸುವುದಿಲ್ಲ. ರೋಮ್ ಕ್ರೈಸ್ತ ಸಾಮ್ರಾಜ್ಯವಾದ ಮೇಲೆ ನಾಲ್ಕನೆಯ ಶತಮಾನದಿಂದ ಕಾಯಿದೆಗಳು ಬಿಗಿಯಾದವು. ಆರನೆಯ ಶತಮಾನದ ಜಸ್ಟೀನಿಯನ್ ಚಕ್ರವರ್ತಿ ಒಂದು ಹೊಸ ಕಾರಣ ಕಂಡುಹಿಡಿದ: ಬರಗಾಲ, ಭೂಕಂಪ, ಸಾಂಕ್ರಾಮಿಕ ರೋಗ ಇವೆಲ್ಲ ಬರುವುದು ಇಂಥವರ ಪಾಪದಿಂದ ಎಂದು ಶಾಸನದಲ್ಲೇ ಬರೆಸಿದ. ಉಗ್ರಾಣದಲ್ಲಿ ಧಾನ್ಯವೇಕಿಲ್ಲ ಎಂದು ಪ್ರಜೆ ಕೇಳಬಾರದಲ್ಲ! ಅವನ ಕಾಲದ ಪ್ರೊಕೋಪಿಯಸ್ ಎಂಬ ಇತಿಹಾಸಕಾರ ಗುಟ್ಟಾಗಿ ಬರೆದಿಟ್ಟ ಗ್ರಂಥದಲ್ಲಿ ಇನ್ನೊಂದು ಮುಖವಿದೆ. ಫಿರ್ಯಾದಿಯೇ ಇಲ್ಲದೆ, ಒಬ್ಬ ಗುಲಾಮನ ಬಾಯಿಂದ ಬಲವಂತವಾಗಿ ಹೇಳಿಸಿದ ಸಾಕ್ಷ್ಯದ ಮೇಲೆ ಶಿಕ್ಷೆಯಾಗುತ್ತಿತ್ತಂತೆ. ಮೊದಲು ಸಿಕ್ಕಿಬಿದ್ದವರು ಚಕ್ರವರ್ತಿಗೆ ಆಗದ ಪಕ್ಷದವರು ಮತ್ತು ಸುಲಿಯಲು ಯೋಗ್ಯವಾದ ಹಣವುಳ್ಳವರು.

ಕಾಯಿದೆ ಬಿಗಿಯಾದರೆ ಸಂಗತಿ ನಿಂತುಹೋಗುತ್ತದೆಯೇ? ಇಟಲಿಯ ಫ್ಲಾರೆನ್ಸ್ ನಗರ ಇದಕ್ಕೆ ಸಾಕ್ಷಿ. 1432ರಿಂದ 1502ರವರೆಗೆ ಎಪ್ಪತ್ತು ವರ್ಷ ಅಲ್ಲಿ ಇದನ್ನೇ ಪತ್ತೆಹಚ್ಚಲು 'ರಾತ್ರಿ ಅಧಿಕಾರಿಗಳು' ಎಂಬ ಇಲಾಖೆಯಿತ್ತು. ಚರ್ಚುಗಳಲ್ಲಿ ಪೆಟ್ಟಿಗೆ ಇಟ್ಟಿದ್ದರು, ಯಾರು ಬೇಕಾದರೂ ಹೆಸರಿಲ್ಲದ ಚೀಟಿ ಹಾಕಬಹುದು. ಸುಮಾರು ನಲವತ್ತು ಸಾವಿರ ಜನಸಂಖ್ಯೆಯ ಊರಿನಲ್ಲಿ ಆ ಎಪ್ಪತ್ತು ವರ್ಷಗಳಲ್ಲಿ ಸುಮಾರು ಹದಿನೇಳು ಸಾವಿರ ಜನರ ಹೆಸರು ಬಂತೆಂದು ಆ ದಫ್ತರಗಳನ್ನು ಓದಿದ ವಿದ್ವಾಂಸರ ಲೆಕ್ಕ. ನೇಕಾರರು, ಕಟುಕರು, ಕ್ಷೌರಿಕರು, ವರ್ತಕರು, ಎಲ್ಲರೂ ಇದ್ದರು. ವಸೂಲಾದದ್ದು ಹೆಚ್ಚಾಗಿ ದಂಡ.

ಈಗ ಇಂಗ್ಲೆಂಡಿಗೆ ಬರೋಣ. ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ನಮ್ಮ ಕೊರಳಿಗೆ ಬಿದ್ದ ಹಗ್ಗ ಹೊಸೆದದ್ದು ಅಲ್ಲಿಯೇ.

1533ರಲ್ಲಿ ಎಂಟನೆಯ ಹೆನ್ರಿಯ ಪಾರ್ಲಿಮೆಂಟು ಇದನ್ನು ಮರಣದಂಡನೆಯ ಅಪರಾಧ ಮಾಡಿತು. ಅದುವರೆಗೆ ಚರ್ಚಿನ ನ್ಯಾಯಾಲಯಗಳ ಕೈಯಲ್ಲಿದ್ದ ವಿಷಯ ರಾಜನ ಕೈಗೆ ಬಂತು. ಮುನ್ನೂರು ವರ್ಷ ಆ ಕಾಯಿದೆಯಡಿ ನೇಣು ಹಾಕಿದರು. ಈ ಅಪರಾಧಕ್ಕಾಗಿ ಇಂಗ್ಲೆಂಡಿನಲ್ಲಿ ಕೊನೆಯದಾಗಿ ನೇಣಿಗೇರಿದವರು ಜೇಮ್ಸ್ ಪ್ರ್ಯಾಟ್ ಮತ್ತು ಜಾನ್ ಸ್ಮಿತ್. ದಿನಾಂಕ 1835ನೆಯ ಇಸವಿ ನವೆಂಬರ್ 27, ಲಂಡನ್ನಿನ ನ್ಯೂಗೇಟ್ ಸೆರೆಮನೆಯ ಮುಂದೆ.

ಯಾರು ಇವರು? ಪ್ರಭುಗಳೇ? ಜಮೀನುದಾರರೇ? ಅಲ್ಲ. ಇಬ್ಬರೂ ದುಡಿದು ತಿನ್ನುವ ಬಡವರು. ಪ್ರ್ಯಾಟ್ ಕುದುರೆ ನೋಡಿಕೊಳ್ಳುವ ಆಳು, ಮನೆಯಲ್ಲಿ ಹೆಂಡತಿಯಿದ್ದವನು. ಇಬ್ಬರಿಗೂ ಒಂದು ಗಂಟೆ ಬಾಗಿಲು ಹಾಕಿಕೊಳ್ಳಲು ತಮ್ಮದೆಂಬ ಕೋಣೆಯಿರಲಿಲ್ಲ. ಬೊನಿಲ್ ಎಂಬ ಮುದುಕ ಬಾಡಿಗೆಗೆ ಹಿಡಿದಿದ್ದ ಕೋಣೆಗೆ ಹೋಗಿದ್ದರು. ಆ ಮನೆಯ ಮಾಲೀಕನೂ ಅವನ ಹೆಂಡತಿಯೂ ಬೀಗದ ಕೈ ಹಾಕುವ ತೂತಿಗೆ ಕಣ್ಣಿಟ್ಟು ನೋಡಿದರು. ಇಬ್ಬರ ಪ್ರಾಣ ತೆಗೆಯಲು ಆ ತೂತಿನಿಂದ ಕಂಡದ್ದೇ ಸಾಕ್ಷ್ಯ. ಕೋಣೆ ಕೊಟ್ಟ ಮುದುಕನನ್ನು ಹಡಗು ಹತ್ತಿಸಿ ಆಸ್ಟ್ರೇಲಿಯಕ್ಕೆ ಗಡೀಪಾರು ಮಾಡಿದರು.

ಇವರನ್ನು ವಿಚಾರಣೆಗೆ ಒಪ್ಪಿಸಿದ ಮ್ಯಾಜಿಸ್ಟ್ರೇಟನ ಹೆಸರು ಹೆನ್ಸ್‌ಲೀ ವೆಜ್‌ವುಡ್. ಪಿಂಗಾಣಿ ಕಾರಖಾನೆಯ ಹೆಸರಾಂತ ಮನೆತನದವನು, ಈ ಕೃತ್ಯದ ಬಗ್ಗೆ ಅವನಿಗೆ ಅಸಹ್ಯವೇ ಇತ್ತು. ಆದರೂ ಪ್ರಾಣಭಿಕ್ಷೆ ಕೋರಿ ಗೃಹಮಂತ್ರಿ ಲಾರ್ಡ್ ಜಾನ್ ರಸೆಲ್‌ಗೆ ಕಾಗದ ಬರೆದ. ಅವನ ಮಾತಿನ ಸಾರ ಇಷ್ಟು: ಈ ಅಪರಾಧದಿಂದ ಮೂರನೆಯವರಿಗೆ ನಷ್ಟವಿಲ್ಲ. ಸ್ವಲ್ಪ ಹಣವಿದ್ದವನು ಏಕಾಂತವಾದ ಜಾಗ ಮಾಡಿಕೊಂಡು ಸಿಕ್ಕಿಬೀಳದೆ ಇರಬಲ್ಲ. ಹೀಗಾಗಿ ಜಾಗವಿಲ್ಲದ ಬಡವರಷ್ಟೇ ಸಿಕ್ಕಿಬೀಳುತ್ತಾರೆ, ಅವರೇ ಸಾಯುತ್ತಾರೆ. ಈ ಕಾಗದ ನೇಣನ್ನು ತಪ್ಪಿಸಲಿಲ್ಲ. ನೇಣಿಗೆ ಮುಂಚೆ ಇವರಿಬ್ಬರನ್ನು ಸೆರೆಮನೆಯಲ್ಲಿ ಕಂಡವರಲ್ಲಿ ಆಗಿನ್ನೂ ತರುಣನಾಗಿದ್ದ ಚಾರ್ಲ್ಸ್ ಡಿಕನ್ಸ್ ಒಬ್ಬ.

ಕಿರಾಣಿ ಅಂಗಡಿಯ ಮಿತ್ರರಿಗೆ ಇದು ನನ್ನ ಮೊದಲ ಉತ್ತರ. ಶ್ರೀಮಂತನಿಗೆ ಮಹಡಿಯ ಮನೆಯಿದೆ, ತೋಟದ ಬಂಗಲೆಯಿದೆ, ಕಂಡರೂ ಕಾಣದಂತಿರುವ ಆಳುಗಳಿದ್ದಾರೆ. ಒಂದೇ ಕೋಣೆಯ ಚಾಳಿನಲ್ಲಿ ಎಂಟು ಜನ ಮಲಗುವವನಿಗೆ ಏನಿದೆ? ಕಾಯಿದೆಯ ಕಾಗದದಲ್ಲಿ ಎಲ್ಲರೂ ಸಮಾನ. ಬಾಗಿಲಿನ ತೂತು ಮಾತ್ರ ಬಡವನ ಮನೆಯದು.

ಇದೇ ಕಾಲಕ್ಕೆ ಕಾಲುವೆಯ ಆಚೆ ಫ್ರಾನ್ಸಿನಲ್ಲಿ ಏನಾಗಿತ್ತು? ಮಹಾಕ್ರಾಂತಿಯ ಸಭೆ 1791ರಲ್ಲಿ ಹೊಸ ದಂಡಸಂಹಿತೆ ಬರೆಯುವಾಗ ಈ ಅಪರಾಧವನ್ನು ಪಟ್ಟಿಯಿಂದ ಸುಮ್ಮನೆ ಬಿಟ್ಟಿತು. ಯಾರಿಗೂ ಹಾನಿಯಾಗದ ಕೃತ್ಯ ಪಾಪವಿರಬಹುದು, ಅಪರಾಧವಲ್ಲ ಎಂಬುದು ಆ ಕಾಲದ ಹೊಸ ವಿಚಾರ. ಇಂಗ್ಲೆಂಡಿನ ಬೆಂಥಾಮ್ ಕೂಡ 1785ರ ಸುಮಾರಿಗೆ ಹೀಗೇ ವಾದಿಸಿ ದೊಡ್ಡ ಪ್ರಬಂಧ ಬರೆದಿದ್ದ. ಹೆದರಿಕೆಯಿಂದ ಪೆಟ್ಟಿಗೆಯಲ್ಲಿಟ್ಟ, ಬದುಕಿರುವವರೆಗೆ ಅಚ್ಚು ಮಾಡಿಸಲಿಲ್ಲ.

ಹಿಂದೂಸ್ಥಾನಕ್ಕೆ ದಂಡಸಂಹಿತೆ ಬರೆಯಲು ಕುಳಿತ ಮೆಕಾಲೆ ಸಾಹೇಬನ ಮುಂದೆ ಫ್ರಾನ್ಸಿನ ದಾರಿಯೂ ಇತ್ತು, ಹೆನ್ರಿಯ ದಾರಿಯೂ ಇತ್ತು. 1837ರ ಕರಡಿನಲ್ಲಿ ಅವನು ಹೆನ್ರಿಯ ಕಡೆಗೇ ವಾಲಿದ. ಅಷ್ಟೇ ಅಲ್ಲ, ಈ ಕಲಮಿನ ಬಗ್ಗೆ ವಿವರಣೆಯನ್ನೇ ಬರೆಯುವುದಿಲ್ಲ, ಇದರ ಚರ್ಚೆಯಾಗುವುದೇ ಸಮಾಜಕ್ಕೆ ಕೇಡು ಎಂದ. ಚರ್ಚೆಯಿಲ್ಲದ ಆ ಕಲಮು 1860ರ ಸಂಹಿತೆಯಲ್ಲಿ 377 ಎಂಬ ಸಂಖ್ಯೆ ಪಡೆದು 1862ರ ಜನವರಿ 1ರಿಂದ ಜಾರಿಗೆ ಬಂತು. ಶಿಕ್ಷೆ, ಹತ್ತು ವರ್ಷದವರೆಗೆ ಅಥವಾ ಆಜೀವ.

ಅದಕ್ಕೆ ಮುಂಚೆ ನಮ್ಮಲ್ಲಿ ಎಲ್ಲವೂ ಸರಿಯಿತ್ತೆಂದು ಹೇಳಲಾರೆ. ವಾತ್ಸ್ಯಾಯನ ಇದನ್ನು ಇದ್ದದ್ದು ಇದ್ದ ಹಾಗೆ ವರ್ಣಿಸಿದ. ಮನುಸ್ಮೃತಿ ಗಂಡಸಿಗೆ ಉಟ್ಟ ಬಟ್ಟೆಯಲ್ಲಿ ಸ್ನಾನ ಮಾಡು ಎಂದಿತು, ಕನ್ಯೆಯನ್ನು ಕೆಡಿಸಿದ ಹೆಂಗಸಿಗೆ ಬೆರಳು ಕತ್ತರಿಸಿ, ಕತ್ತೆಯ ಮೇಲೆ ಕೂರಿಸಿ ಎಂದಿತು. ಹೆಣ್ಣೆಂದರೆ ಶಾಸ್ತ್ರಕಾರನ ಕೈ ಯಾವಾಗಲೂ ಭಾರ. ಆದರೆ ಇಡೀ ದೇಶಕ್ಕೆ ಒಂದೇ ಕಲಮು, ಪ್ರತಿ ಠಾಣೆಯಲ್ಲೂ ಅದನ್ನು ತೋರಿಸಿ ಹೆದರಿಸುವ ಅಧಿಕಾರ, ಇದು ಹಡಗಿನಲ್ಲಿ ಬಂದ ಸರಕು. ವಿಲಾಯಿತಿಯದು ಯಾವುದು ಎಂಬ ಪ್ರಶ್ನೆಗೆ ಇದು ಉತ್ತರ.

ಇನ್ನು ನಮ್ಮ ಸ್ವಂತ ಮನೆಯ ವಿಚಾರ. ಸಮಾಜವಾದಿಗಳು ಈ ವಿಷಯದಲ್ಲಿ ಎಲ್ಲಿ ನಿಂತಿದ್ದರು?

1871ರಲ್ಲಿ ಜರ್ಮನಿ ಒಂದಾದಾಗ ಪ್ರಷ್ಯದ ಕಾಯಿದೆ ಎಲ್ಲ ಕಡೆಗೂ ಹಬ್ಬಿ 175ನೆಯ ಕಲಮು ಎನಿಸಿತು. ಮ್ಯಾಗ್ನಸ್ ಹಿರ್ಷ್‌ಫೆಲ್ಡ್ ಎಂಬ ವೈದ್ಯ 1897ರಲ್ಲಿ ಸಮಿತಿ ಕಟ್ಟಿ ಅದರ ರದ್ದತಿಗೆ ಸಹಿ ಸಂಗ್ರಹಿಸಿದ. ಆ ಅರ್ಜಿಗೆ ಸಹಿ ಮಾಡಿ 1898ರ ಜನವರಿ 13ರಂದು ಪಾರ್ಲಿಮೆಂಟಿನಲ್ಲಿ ಎದ್ದು ನಿಂತು ಮಾತಾಡಿದವನು ಆಗಸ್ಟ್ ಬೇಬೆಲ್. ವೃತ್ತಿಯಲ್ಲಿ ಕಡತದ ಕೆಲಸಗಾರ, ಚರಕಿಯ ಮೇಲೆ ಮರ ಕಡೆದು ಬದುಕಿದವನು, ಜರ್ಮನ್ ಸಮಾಜವಾದಿ ಪಕ್ಷದ ನಾಯಕ. ಪೊಲೀಸರು ಈ ಕಲಮನ್ನು ಪ್ರಾಮಾಣಿಕವಾಗಿ ಜಾರಿ ಮಾಡಿದರೆ ಬರ್ಲಿನ್ ಒಂದರ ಅಪರಾಧಿಗಳಿಗಾಗಿಯೇ ಸರಕಾರ ಎರಡು ಹೊಸ ಸೆರೆಮನೆ ಕಟ್ಟಬೇಕಾದೀತು, ಎಲ್ಲ ವರ್ಗದವರೂ ಇದರಲ್ಲಿದ್ದಾರೆ ಎಂದ. ಸಭೆಯಲ್ಲಿ ಗದ್ದಲವಾಯಿತು. ಒಂದು ದೇಶದ ಪಾರ್ಲಿಮೆಂಟಿನಲ್ಲಿ ಈ ಜನರ ಪರವಾಗಿ ಬಹಿರಂಗವಾಗಿ ಎದ್ದ ಮೊದಲ ದನಿಗಳಲ್ಲಿ ಅದೊಂದು, ಅದು ಕಾರ್ಮಿಕನ ದನಿ ಎಂಬುದು ನಮಗೆ ಹೆಮ್ಮೆ.

ಹೆಮ್ಮೆಯ ಪುಟದ ಮಗ್ಗುಲಲ್ಲೇ ನಾಚಿಕೆಯ ಪುಟವಿದೆ, ಅದನ್ನೂ ಓದಬೇಕು. 1902ರ ನವೆಂಬರಿನಲ್ಲಿ ಅದೇ ಪಕ್ಷದ ಪತ್ರಿಕೆ, ಫಿರಂಗಿ ಕಾರಖಾನೆಯ ಕೋಟ್ಯಧೀಶ ಕ್ರುಪ್ ಇಟಲಿಯ ಕಾಪ್ರಿ ದ್ವೀಪದಲ್ಲಿ ಗಂಡಸರೊಡನೆ ಇರುವುದನ್ನು ಬಯಲು ಮಾಡಿ ಬರೆಯಿತು. ವಾರದೊಳಗೆ ಕ್ರುಪ್ ಸತ್ತ. ಆ ಬರಹದಲ್ಲಿ ಕಲಮು ರದ್ದಾಗಬೇಕೆಂಬ ಮಾತೂ ಇತ್ತು, ನಿಜ. ಆದರೂ ಕ್ರುಪ್‌ನ ಮೇಲೆ ಹೇಳಲು ಫಿರಂಗಿಯ ಲಾಭವಿರಲಿಲ್ಲವೇ, ಕೂಲಿಯ ಲೆಕ್ಕವಿರಲಿಲ್ಲವೇ? ಈಸ್ಕಿನೀಸನ ದೊಣ್ಣೆಯನ್ನು ನಮ್ಮವರು ಕೈಗೆತ್ತಿಕೊಂಡರು.

ರಷ್ಯದ ಕ್ರಾಂತಿ ಜಾರನ ಸಂಹಿತೆಯನ್ನು ಎಸೆದು 1922ರಲ್ಲಿ ಬರೆದ ಹೊಸ ಸಂಹಿತೆಯಲ್ಲಿ ಈ ಅಪರಾಧವಿರಲಿಲ್ಲ. ಸ್ಟಾಲಿನ್ 1934ರಲ್ಲಿ ಐದು ವರ್ಷದ ಸಜೆಯೊಡನೆ ಅದನ್ನು ಮರಳಿ ತಂದ. ಇದು ಫ್ಯಾಸಿಸ್ಟರ ರೋಗ ಎಂದು ಮಹಾಸಾಹಿತಿ ಗೋರ್ಕಿಯೇ ಬರೆದ. ಆಗ ಮಾಸ್ಕೋದಲ್ಲಿದ್ದ ಹ್ಯಾರಿ ವೈಟ್ ಎಂಬ ಸ್ಕಾಟ್ಲೆಂಡಿನ ಕಮ್ಯೂನಿಸ್ಟ್ ಪತ್ರಕರ್ತ, ಸಲಿಂಗಿಯಾದವನು ಒಳ್ಳೆಯ ಪಕ್ಷದ ಸದಸ್ಯನಾಗಬಾರದೇ ಎಂದು ಸ್ಟಾಲಿನ್ನನಿಗೇ ಉದ್ದನೆಯ ಕಾಗದ ಬರೆದ. ಅದರ ಮೇಲೆ ಸ್ಟಾಲಿನ್ ಬರೆದ ಷರಾ ದಫ್ತರದಲ್ಲಿದೆ: ಮೂರ್ಖ, ಭ್ರಷ್ಟ ಎಂದು ಬೈದು, ಕಡತಕ್ಕೆ ಹಾಕಿ ಎಂದ. ರಷ್ಯದಲ್ಲಿ ಆ ಕಲಮು ಹೋದದ್ದು 1993ರಲ್ಲಿ.

ಇತ್ತ ಫ್ಯಾಸಿಸ್ಟರು ಏನು ಮಾಡುತ್ತಿದ್ದರು? 1933ರ ಮೇ ತಿಂಗಳಲ್ಲಿ ಹಿರ್ಷ್‌ಫೆಲ್ಡನ ಸಂಸ್ಥೆಗೆ ನುಗ್ಗಿ ಅವನ ಗ್ರಂಥಾಲಯವನ್ನು ಬೀದಿಯಲ್ಲಿ ಸುಟ್ಟರು. 1935ರಲ್ಲಿ 175ನೆಯ ಕಲಮನ್ನು ಇನ್ನಷ್ಟು ಹರಿತ ಮಾಡಿದರು. ಹಿಟ್ಲರನ ಆಳ್ವಿಕೆಯಲ್ಲಿ ಸುಮಾರು ಒಂದು ಲಕ್ಷ ಜನರ ದಸ್ತಗಿರಿ, ಸುಮಾರು ಐವತ್ತು ಸಾವಿರ ಜನರಿಗೆ ಸಜೆ. ಸಾವಿರಾರು ಜನ ಎದೆಯ ಮೇಲೆ ಗುಲಾಬಿ ಬಣ್ಣದ ತ್ರಿಕೋನ ಹೊಲಿಸಿಕೊಂಡು ಯಾತನಾ ಶಿಬಿರ ಸೇರಿದರು. ಯುದ್ಧ ಮುಗಿದು ಶಿಬಿರಗಳ ಬಾಗಿಲು ತೆರೆದವು. ಪಶ್ಚಿಮ ಜರ್ಮನಿ ಆ ನಾಜಿ ತಿದ್ದುಪಡಿಯನ್ನು ಮಾತ್ರ 1969ರವರೆಗೆ ಹಾಗೆಯೇ ಇಟ್ಟುಕೊಂಡಿತು. ಆ ವರ್ಷಗಳಲ್ಲಿ ಇನ್ನೂ ಸುಮಾರು ಐವತ್ತು ಸಾವಿರ ಜನರಿಗೆ ಶಿಕ್ಷೆಯಾಯಿತು.

ಪಾಪ ಎಂದರು, ಅಪರಾಧ ಎಂದರು, ಆಮೇಲೆ ರೋಗ ಎಂದರು. ಯುದ್ಧದಲ್ಲಿ ಹಿಟ್ಲರನ ಗುಪ್ತಲಿಪಿ ಒಡೆಯಲು ದುಡಿದ ಗಣಿತಜ್ಞ ಆಲನ್ ಟ್ಯೂರಿಂಗನಿಗೆ 1952ರಲ್ಲಿ ಇಂಗ್ಲೆಂಡಿನ ಕೋರ್ಟು ಸೆರೆಮನೆಗೆ ಬದಲಾಗಿ ಹಾರ್ಮೋನು ಚಿಕಿತ್ಸೆ ಕೊಡಿಸಿತು. 1954ರಲ್ಲಿ ಅವನು ಸತ್ತ. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಇದು ರೋಗವಲ್ಲವೆಂದು ಪಟ್ಟಿಯಿಂದ ತೆಗೆದವು. ಇಂಗ್ಲೆಂಡು 1967ರಲ್ಲಿ, 21 ವರ್ಷ ದಾಟಿದ ಗಂಡಸರ ಖಾಸಗಿ ನಡವಳಿಕೆ ಅಪರಾಧವಲ್ಲವೆಂದಿತು. ಸ್ಕಾಟ್ಲೆಂಡು ಇನ್ನೂ ಹದಿಮೂರು ವರ್ಷ ಕಾಯಬೇಕಾಯಿತು.

ಈಗ ಗಿರಣಿಯ ಸಂಗಾತಿಗಳು ಗಮನವಿಟ್ಟು ಕೇಳಬೇಕಾದ ಸಂಗತಿ. 1984ರ ಮಾರ್ಚಿನಲ್ಲಿ ಬ್ರಿಟನ್ನಿನ ಕಲ್ಲಿದ್ದಲ ಗಣಿಗಳನ್ನು ಮುಚ್ಚುವ ಥ್ಯಾಚರ್ ಸರಕಾರದ ಯೋಜನೆಯ ವಿರುದ್ಧ ಗಣಿ ಕಾರ್ಮಿಕರು ಮುಷ್ಕರ ಹೂಡಿದರು. ಒಂದು ವರ್ಷ ನಡೆಯಿತು. ಮುಷ್ಕರವೆಂದರೇನೆಂದು ನಿಮಗೆ ನಾನು ಹೇಳಬೇಕಾಗಿಲ್ಲ: ಮೊದಲ ತಿಂಗಳು ಘೋಷಣೆ, ಮೂರನೆಯ ತಿಂಗಳು ಸಾಲ, ಆರನೆಯ ತಿಂಗಳು ಹೆಂಡತಿಯ ಬಳೆ. ಕೋರ್ಟು ಸಂಘದ ನಿಧಿಯನ್ನೂ ಜಪ್ತಿ ಮಾಡಿತು. ಆಗ ಲಂಡನ್ನಿನ ಸಲಿಂಗಿ ತರುಣ ತರುಣಿಯರು ಮಾರ್ಕ್ ಆಷ್ಟನ್ ಮತ್ತು ಮೈಕ್ ಜಾಕ್ಸನ್ ಎಂಬಿಬ್ಬರ ಮುಂದಾಳುತನದಲ್ಲಿ ಬಕೆಟ್ಟು ಹಿಡಿದು ಬೀದಿಯಲ್ಲಿ ಚಂದಾ ಎತ್ತಿದರು. ನಮ್ಮ ಮೇಲೂ ಅದೇ ಪೊಲೀಸರ ಲಾಠಿ, ಅದೇ ಪತ್ರಿಕೆಗಳ ಬೈಗುಳ, ಅದೇ ಸರಕಾರ ಎಂಬುದು ಅವರ ವಾದ. ಹಣವನ್ನು ವೇಲ್ಸಿನ ಡ್ಯುಲೈಸ್ ಕಣಿವೆಯ ಗಣಿ ಹಳ್ಳಿಗಳಿಗೆ ಕಳಿಸಿದರು.

ಚರ್ಚಿಗೆ ತಪ್ಪದೆ ಹೋಗುವ ಹಳ್ಳಿಗಾಡಿನ ಗಣಿಯವರಿಗೂ ಲಂಡನ್ನಿನ ಈ ಜನರಿಗೂ ಎಲ್ಲಿಂದೆಲ್ಲಿಗೆ? ಹಣ ತೆಗೆದುಕೊಳ್ಳಬೇಕೆ, ಬೇಡವೆ ಎಂದು ಅಲ್ಲಿಯೂ ಗುಸುಗುಸು ಆಯಿತು. ಕೊನೆಗೆ ಕರೆದರು. ಇವರು ಹೋದರು, ಗಣಿಯವರ ಮನೆಗಳಲ್ಲೇ ಉಳಿದರು, ಅವರ ಸಭಾಭವನದಲ್ಲಿ ಕೂಡಿ ಉಂಡು ಕುಣಿದರು. ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ದೊಡ್ಡ ಸಂಗೀತ ಸಭೆ ನಡೆಸಿ ಇನ್ನಷ್ಟು ಹಣ ಕೂಡಿಸಿದರು. ಆ ಸಭೆಯಲ್ಲಿ ಗಣಿಯವರ ಪರವಾಗಿ ಡೈ ಡೊನೊವನ್ ಮಾತಾಡಿದ. ನೀವು ನಮ್ಮ ಬಿಲ್ಲೆ ಧರಿಸಿದ್ದೀರಿ, ಇನ್ನು ನಾವು ನಿಮ್ಮದನ್ನು ಧರಿಸುತ್ತೇವೆ ಎಂಬುದು ಅವನ ಮಾತಿನ ತಾತ್ಪರ್ಯ.

ಮುಷ್ಕರ ಸೋತಿತು. 1985ರ ಮಾರ್ಚಿನಲ್ಲಿ ಗಣಿಯವರು ಕೈ ಬರಿದಾಗಿ ಕೆಲಸಕ್ಕೆ ಮರಳಿದರು. ಆಡಿದ ಮಾತನ್ನು ಮಾತ್ರ ಮರೆಯಲಿಲ್ಲ. ಅದೇ ಜೂನಿನಲ್ಲಿ ಲಂಡನ್ನಿನ ಸಲಿಂಗಿಗಳ ಮೆರವಣಿಗೆಗೆ ವೇಲ್ಸಿನ ಗಣಿಯವರು ಹೆಂಡಿರು ಮಕ್ಕಳೊಡನೆ ಬಂದು, ತಮ್ಮ ಸಂಘದ ಬಾವುಟ ಹಿಡಿದು ಮುಂದೆ ನಡೆದರು. ಆ ವರ್ಷ ಲೇಬರ್ ಪಕ್ಷದ ಮಹಾಧಿವೇಶನದಲ್ಲಿ ಸಲಿಂಗಿಗಳ ಸಮಾನ ಹಕ್ಕಿನ ಠರಾವು ಬಂದಾಗ ಗಣಿ ಕಾರ್ಮಿಕರ ಸಂಘ ಅದರ ಪರವಾಗಿ ಮತ ಹಾಕಿತು, ಠರಾವು ಪಾಸಾಯಿತು. ಮಾರ್ಕ್ ಆಷ್ಟನ್ ಹೆಚ್ಚು ದಿನ ಬದುಕಲಿಲ್ಲ. 1987ರಲ್ಲಿ, 26ನೆಯ ವಯಸ್ಸಿನಲ್ಲಿ ಏಡ್ಸ್ ಅವನನ್ನು ಒಯ್ದಿತು.

ನಮ್ಮ ದೇಶದ ಕಥೆ ನಿಮಗೆ ವೃತ್ತಪತ್ರಿಕೆಗಳಿಂದ ಗೊತ್ತಿದೆ, ಬೇಗ ಹೇಳಿ ಮುಗಿಸುತ್ತೇನೆ. 2009ರಲ್ಲಿ ದಿಲ್ಲಿಯ ಹೈಕೋರ್ಟು 377ನೆಯ ಕಲಮು ವಯಸ್ಕರ ಒಪ್ಪಿಗೆಯ ಖಾಸಗಿ ನಡವಳಿಕೆಗೆ ಅನ್ವಯಿಸದು ಎಂದಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. 2018ರ ಸೆಪ್ಟೆಂಬರ್ 6ರಂದು ಅದೇ ಕೋರ್ಟಿನ ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ತಮ್ಮ ಕೋರ್ಟಿನ ತಪ್ಪನ್ನು ತಿದ್ದಿದರು. ಈ ಜನರಿಗೂ ಅವರ ಕುಟುಂಬಗಳಿಗೂ ಇತಿಹಾಸ ಕ್ಷಮೆ ಕೇಳಬೇಕಾಗಿದೆ ಎಂಬರ್ಥದ ಮಾತನ್ನು ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಬರೆದರು. 2023ರ ಅಕ್ಟೋಬರಿನಲ್ಲಿ ಮದುವೆಯ ಹಕ್ಕು ಕೇಳಿದಾಗ ಮಾತ್ರ ಕೋರ್ಟು ಕೊಡಲಿಲ್ಲ, ಅದು ಪಾರ್ಲಿಮೆಂಟಿನ ಕೆಲಸ ಎಂದಿತು. 2024ರ ಜುಲೈ 1ರಿಂದ ಮೆಕಾಲೆಯ ಸಂಹಿತೆಯೇ ಹೋಗಿ ಹೊಸದು ಬಂದಿದೆ, ಅದರಲ್ಲಿ 377 ಇಲ್ಲ. ಗ್ರೀಸಿನಿಂದ ಹೊರಟೆವಲ್ಲ, ಅಲ್ಲಿಯದೂ ಹೇಳಿಬಿಡುತ್ತೇನೆ: 2024ರ ಫೆಬ್ರುವರಿ 15ರಂದು ಅಥೆನ್ಸಿನ ಪಾರ್ಲಿಮೆಂಟು ಸಲಿಂಗಿಗಳ ಮದುವೆಗೆ ಒಪ್ಪಿಗೆ ಕೊಟ್ಟಿತು. ಚರ್ಚು ಬಲವಾಗಿ ವಿರೋಧಿಸಿತ್ತು. 300 ಸದಸ್ಯರ ಸಭೆಯಲ್ಲಿ ಪರವಾಗಿ 176 ಮತ.

2013ಕ್ಕೂ 2018ಕ್ಕೂ ನಡುವೆ ಐದು ವರ್ಷ ಎಂದು ಹೇಳಿಬಿಟ್ಟೆ. ಆ ಐದು ವರ್ಷದಲ್ಲಿ ನಾನು ಮಾಡಿದ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳದೆ ಕುಳಿತುಕೊಳ್ಳುವ ಹಾಗಿಲ್ಲ. 2014ರ ಬೇಸಿಗೆ. ನೂಲಿನ ಖಾತೆಯ ಒಬ್ಬ ಬದಲಿ ಕೆಲಸಗಾರ, ಇಪ್ಪತ್ತೈದರ ಪ್ರಾಯ, ರಾತ್ರಿಪಾಳಿ ಮುಗಿಸಿ ಸಂಘದ ಕಚೇರಿಗೆ ಬಂದ. ಊರಾಚೆಯ ಕೆರೆ ಏರಿಯ ಮೇಲೆ ಗೆಳೆಯನೊಡನೆ ಕುಳಿತಿದ್ದವನನ್ನು ಒಬ್ಬ ಪೊಲೀಸಪ್ಪ ಹಿಡಿದಿದ್ದ. ಕೇಸು ಹಾಕಲಿಲ್ಲ. ಪ್ರತಿ ಪಗಾರದ ದಿನ ಗಿರಣಿಯ ಬಾಗಿಲಲ್ಲಿ ನಿಂತು ಪಾಲು ತೆಗೆದುಕೊಳ್ಳುತ್ತಿದ್ದ. ಜಾಬರನಿಗೂ ವಾಸನೆ ಹತ್ತಿತ್ತು, ಅವನ ಪಾಲು ಬೇರೆ. "ಅಣ್ಣಾ, ಸಂಘದಿಂದ ಒಂದು ಮಾತು ಹೇಳಿಸಿದರೆ ಬಿಟ್ಟಾನು" ಎಂದ. ಅದೇ ಪೊಲೀಸಪ್ಪ ಕೈಗಾಡಿಯವನಿಂದ ಹಫ್ತಾ ಕೇಳಿದ್ದರೆ ನಾನು ಠಾಣೆಯ ಮುಂದೆ ಧರಣಿ ಕೂರಿಸುತ್ತಿದ್ದೆ. ಇವನಿಗೆ "ಇದು ನಿನ್ನ ಖಾಸಗಿ ವಿಷಯ ತಮ್ಮಾ, ಸಂಘದ ಹೆಸರು ಕೆಡುತ್ತದೆ" ಎಂದೆ. ಅವನು ಏನೂ ಅನ್ನಲಿಲ್ಲ. ಆ ತಿಂಗಳ ಚಂದಾ ಬಾಕಿಯಿತ್ತು, ಅದನ್ನು ಮೇಜಿನ ಮೇಲೆ ಇಟ್ಟು ರಸೀದಿ ಬರೆಸಿಕೊಂಡು ಹೋದ. ಮರುವಾರ ತಿರುಪ್ಪೂರಿಗೆ ಹೋದನೆಂದು ಕೇಳಿದೆ. ಇಂದಿಗೂ ಪತ್ತೆಯಿಲ್ಲ. ಆ ರಸೀದಿಯ ಕೌಂಟರ್‌ಫಾಯಿಲು ನಮ್ಮ ಕಪಾಟಿನಲ್ಲಿದೆ, ಸಹಿ ನನ್ನದು.

ಕಲಮು ಹೋಯಿತು. ಆದರೆ ಈ ಕಾರಣಕ್ಕೆ ಕೆಲಸದಿಂದ ತೆಗೆಯುವ ಖಾಸಗಿ ಮಾಲೀಕನನ್ನು ಸ್ಪಷ್ಟವಾಗಿ ತಡೆಯುವ ಕಾಯಿದೆ ಇಂದಿಗೂ ನಮ್ಮಲ್ಲಿಲ್ಲ. ಬಾಡಿಗೆ ಮನೆ ಬಿಡಿಸುವವನನ್ನು ಕೇಳುವವರಿಲ್ಲ. ಆದ್ದರಿಂದ ಮುಂದಿನ ತಿಂಗಳ ಸರ್ವಸದಸ್ಯರ ಸಭೆಗೆ ನಾನೊಂದು ಠರಾವು ಬರೆದು ತಂದಿದ್ದೇನೆ, ಓದುತ್ತೇನೆ: "ಯಾವ ಸದಸ್ಯನನ್ನಾಗಲಿ ಸದಸ್ಯಳನ್ನಾಗಲಿ ಗಂಡು ಗಂಡನ್ನು ಅಥವಾ ಹೆಣ್ಣು ಹೆಣ್ಣನ್ನು ಪ್ರೀತಿಸಿದ ಕಾರಣಕ್ಕೆ ಕೆಲಸದಿಂದ ತೆಗೆದರೆ, ಖಾತೆ ಬದಲಿಸಿದರೆ, ಹಣಕ್ಕಾಗಿ ಪೀಡಿಸಿದರೆ, ಅನ್ಯಾಯದ ವಜಾದ ಮೊಕದ್ದಮೆಯಂತೆಯೇ ಸಂಘವು ಅದನ್ನು ತನ್ನ ಖರ್ಚಿನಲ್ಲಿ ಕೈಗೆತ್ತಿಕೊಳ್ಳತಕ್ಕದ್ದು."

ಮಂಡಿಸುವವನು ನಾನು. ನಿಯಮದ ಪ್ರಕಾರ ಅನುಮೋದಕರೊಬ್ಬರು ಬೇಕು. ಕಾಗದ ಮತ್ತು ಪೆನ್ನು ಈ ಮೇಜಿನ ಮೇಲೆಯೇ ಇವೆ.